ಡಿಸ್ನಿ ವರ್ಲ್ಡ್‌ನ ಕ್ಲಬ್ ಲೆವೆಲ್ ಕೋಣೆ: ಹೆಚ್ಚುವರಿ ಹಣ ಕೊಡುವುದು ಯಾರಿಗೆ ಗಿಟ್ಟುತ್ತದೆ?

ಫ್ಲಾರಿಡಾದ ಆರ್ಲ್ಯಾಂಡೊ ಬಳಿ ಇರುವ ವಾಲ್ಟ್ ಡಿಸ್ನಿ ವರ್ಲ್ಡ್‌ನಲ್ಲಿ ಡೀಲಕ್ಸ್ ದರ್ಜೆಯ ಹೋಟೆಲು ಹುಡುಕುವವರಿಗೆ, ಒಂದೇ ಅಳತೆಯ ಮತ್ತು ಹೆಚ್ಚುಕಡಿಮೆ ಒಂದೇ ಬಗೆಯ ಮಂಚ, ಮೇಜು, ಸ್ನಾನದಮನೆ ಇರುವ ಎರಡು ಕೋಣೆಗಳು ಬೇರೆ ಬೇರೆ ದರದಲ್ಲಿ ಕಾಣಿಸುತ್ತವೆ. ಹಿಂದೆ ಕನ್ಸಿಯರ್ಜ್ ಕೋಣೆಯೆಂದು ಹೆಸರಾಗಿದ್ದ, ಈಗ ಕ್ಲಬ್ ಲೆವೆಲ್ ಎಂದು ಮಾರಾಟವಾಗುವ ಎರಡನೆಯ ಕೋಣೆಗೆ ರಾತ್ರಿಯೊಂದಕ್ಕೆ ಸುಮಾರು 250ರಿಂದ 400 ಡಾಲರ್ ಹೆಚ್ಚು ಕೊಡಬೇಕಾಗುತ್ತದೆ. ಕ್ರಿಸ್ಮಸ್ಸಿನಂತಹ ವಾರಗಳಲ್ಲಿ ಈ ಅಂತರ ಇನ್ನೂ ಹಿಗ್ಗುತ್ತದೆ. ಆ ಹಣ ಹೋಗುವುದು ಕೋಣೆಗಲ್ಲ, ಅದರೊಡನೆ ತೆರೆದುಕೊಳ್ಳುವ, ಕ್ಲಬ್ ಅತಿಥಿಗಳಿಗಷ್ಟೇ ಮೀಸಲಾದ ತಿಂಡಿ-ಪಾನೀಯಗಳ ಲೌಂಜಿಗೆ ಮತ್ತು ಪ್ರವಾಸದ ಯೋಜನೆಗೆ ನೆರವಾಗಲು ಅಲ್ಲಿ ಕುಳಿತಿರುವ ಕನ್ಸಿಯರ್ಜ್ ಸಿಬ್ಬಂದಿಯ ಸೇವೆಗೆ. ಮಕ್ಕಳನ್ನೂ ಊರಿನಿಂದ ಬಂದ ಅತ್ತೆ-ಮಾವಂದಿರನ್ನೂ ಕರೆದುಕೊಂಡು ಇಂತಹ ಕೋಣೆಗಳಲ್ಲಿ ಉಳಿದು, ಮಾಮೂಲಿ ಕೋಣೆಗಳಲ್ಲಿಯೂ ಉಳಿದು ನೋಡಿದ ಮೇಲೆ ನನ್ನಲ್ಲಿ ಗಟ್ಟಿಯಾದ ಅಭಿಪ್ರಾಯವಿದು: ಲೌಂಜಿನ ಬೆಲೆಯನ್ನು ತೀರ್ಮಾನಿಸುವುದು ಅಲ್ಲಿನ ತಿಂಡಿಯಲ್ಲ, ಎಚ್ಚರವಾಗಿರುವ ಹೊತ್ತಿನಲ್ಲಿ ನೀವು ಹೋಟೆಲಿನಲ್ಲಿ ಎಷ್ಟು ಕಾಲ ಇರುತ್ತೀರಿ ಎಂಬುದು.

ಲೌಂಜಿನ ದಿನಚರಿ ಎಲ್ಲ ಹೋಟೆಲುಗಳಲ್ಲಿಯೂ ಬಹುಮಟ್ಟಿಗೆ ಒಂದೇ ರೀತಿ ಸಾಗುತ್ತದೆ. ಬೆಳಿಗ್ಗೆ ಬ್ರೆಡ್ಡು, ಪೇಸ್ಟ್ರಿ, ಸೀರಿಯಲ್, ಹಣ್ಣು, ಮೊಸರು. ಮಧ್ಯಾಹ್ನ ಲಘು ತಿನಿಸು. ಸಂಜೆ ಕೆಲವು ಬಿಸಿ ಪದಾರ್ಥಗಳ ಜೊತೆಗೆ ವೈನ್ ಮತ್ತು ಬಿಯರ್. ರಾತ್ರಿ ಸಿಹಿತಿಂಡಿ ಮತ್ತು ಲಿಕ್ಯೂರ್ ಎಂಬ ಸಿಹಿ ಮದ್ಯ. ಇದಲ್ಲದೆ ಕಾಫಿ, ನೀರು, ತಂಪು ಪಾನೀಯಗಳು ದಿನವಿಡೀ ಸಿಗುತ್ತವೆ. ಇದು ಊಟಕ್ಕೆ ಬದಲಿ ಎಂದು ಡಿಸ್ನಿಯವರು ಹೇಳಿಕೊಳ್ಳುವುದೂ ಇಲ್ಲ. ಸಂಜೆಯ ತಟ್ಟೆಯನ್ನು ಎರಡು ಬಾರಿ ತುಂಬಿಕೊಂಡು ಅದನ್ನೇ ರಾತ್ರಿಯೂಟ ಮಾಡಿಕೊಳ್ಳಲು ಸಾಧ್ಯವಿದೆ, ಮಕ್ಕಳಂತೂ ಅದರಲ್ಲಿಯೇ ಸಂತೃಪ್ತರಾಗುತ್ತಾರೆ. ಆದರೆ ಅನ್ನವೋ ಚಪಾತಿಯೋ ಹೊಟ್ಟೆಗೆ ಬೀಳದೆ ಊಟವಾಯಿತೆಂದು ಒಪ್ಪದ ಹಿರಿಯರಿಗೆ ಅದು ಸಂಜೆಯ ಕುರುಕಲಾಗಿಯೇ ಉಳಿಯುತ್ತದೆ.

ಒಮ್ಮೆ ಕಾಗದದ ಮೇಲೆ ಲೆಕ್ಕ ಹಾಕಿ ನೋಡೋಣ. ಹೆಚ್ಚುವರಿ ದರ 300 ಡಾಲರ್ ಎಂದಿಟ್ಟುಕೊಂಡರೆ, ಡಿಸ್ನಿಯ ಬಹುತೇಕ ಡೀಲಕ್ಸ್ ಹೋಟೆಲುಗಳಿರುವ ಆರೆಂಜ್ ಕೌಂಟಿಯಲ್ಲಿ ಮಾರಾಟ ತೆರಿಗೆ ಮತ್ತು ಪ್ರವಾಸಿ ತೆರಿಗೆ ಸೇರಿ ಶೇ 12.5 ಆಗುವುದರಿಂದ, ನಿಜವಾಗಿ ಕೈಬಿಟ್ಟು ಹೋಗುವ ಹಣ 337 ಡಾಲರ್ ಮತ್ತು 50 ಸೆಂಟ್. ನಾಲ್ವರ ಕುಟುಂಬವೊಂದು ಇದೇ ತಿನಿಸನ್ನು ಹೊರಗೆ ಕೊಂಡರೆ ಎಷ್ಟಾದೀತು? ಕೌಂಟರಿನಲ್ಲಿ ಕೊಳ್ಳುವ ಬೆಳಗಿನ ಉಪಾಹಾರಕ್ಕೆ ಸುಮಾರು 50 ಡಾಲರ್, ನೀರು ಮತ್ತು ಕಾಫಿಗೆ 20, ಸಂಜೆಯ ಅರ್ಧ ಊಟಕ್ಕೆ 40, ರಾತ್ರಿಯ ಸಿಹಿಗೆ 20 ಎಂದು ಧಾರಾಳವಾಗಿಯೇ ಹಿಡಿದರೂ 130 ದಾಟುವುದಿಲ್ಲ. ದಂಪತಿಗಳಿಬ್ಬರೂ ಸಂಜೆ ಎರಡೆರಡು ಲೋಟ ವೈನ್ ಕುಡಿಯುವವರಾದರೆ, ಅಲ್ಲಿ ಒಂದು ಲೋಟಕ್ಕೆ 15 ಡಾಲರಿನ ಆಸುಪಾಸಿನ ಬೆಲೆಯಿರುವುದರಿಂದ, ಇನ್ನೊಂದು 60 ಸೇರಿಸಿಕೊಳ್ಳಬಹುದು. ಕುಡಿಯದವರು ಮಾತ್ರ ಆ ಪಾಲನ್ನು ಪಕ್ಕದ ಮೇಜಿನವರಿಗಾಗಿ ಕಟ್ಟುತ್ತಿದ್ದಾರೆಂದೇ ತಿಳಿಯಬೇಕು. ಯಾವ ರೀತಿಯಲ್ಲಿ ಕೂಡಿಸಿದರೂ 337ರ ಹತ್ತಿರ ಬರುವುದು ಕಷ್ಟ. ಒಂದು ಸಮಾಧಾನವೆಂದರೆ, ಈ ಹೆಚ್ಚುವರಿ ದರ ಕೋಣೆಗೇ ಹೊರತು ತಲೆಗಲ್ಲ. ಪಾಲಿನೇಷಿಯನ್, ಗ್ರ್ಯಾಂಡ್ ಫ್ಲಾರಿಡಿಯನ್ ಹೋಟೆಲುಗಳಲ್ಲಿ ಐವರು ಮಲಗಬಹುದಾದ ಕೋಣೆಗಳಿರುವುದರಿಂದ ದೊಡ್ಡ ಸಂಸಾರಕ್ಕೆ ತಲಾ ವೆಚ್ಚ ತಗ್ಗುತ್ತದೆ.

ಈ ಲೆಕ್ಕವೂ ಲೌಂಜನ್ನು ಪೂರ್ತಿಯಾಗಿ ಬಳಸಿಕೊಂಡವರದ್ದು. ಥೀಮ್ ಪಾರ್ಕಿನ ದಿನದಲ್ಲಿ ಹಾಗೆ ಬಳಸಿಕೊಳ್ಳಲು ಆಗುವುದಿಲ್ಲ ಎಂಬುದೇ ಇಲ್ಲಿನ ಮುಖ್ಯ ತೊಡಕು. ಡಿಸ್ನಿಯ ಸ್ವಂತ ಹೋಟೆಲುಗಳಲ್ಲಿ ತಂಗಿದವರಿಗೆಲ್ಲ, ಅತ್ಯಂತ ಅಗ್ಗದ ಕೋಣೆಯವರಿಗೂ ಸೇರಿ, ಪಾರ್ಕುಗಳು 30 ನಿಮಿಷ ಮೊದಲೇ ತೆರೆಯುತ್ತವೆ. ಆ ಅರ್ಧ ಗಂಟೆಯಲ್ಲಿ ಒಂದೆರಡು ದೊಡ್ಡ ರೈಡುಗಳನ್ನು ಸಾಲಿಲ್ಲದೆ ಮುಗಿಸಬೇಕೆನ್ನುವವರು ಲೌಂಜ್ ತೆರೆಯುವ ಹೊತ್ತಿಗೆ ಬಸ್ ನಿಲ್ದಾಣದಲ್ಲಿ ನಿಂತಿರುತ್ತಾರೆ. ಮಧ್ಯಾಹ್ನ ಪಾರ್ಕಿನಲ್ಲಿರುತ್ತಾರೆ. ಬಿಸಿ ಪದಾರ್ಥಗಳು ಬರುವ ಸಂಜೆಯ ಹೊತ್ತು, ಬಿಸಿಲಿಳಿದು ಪಾರ್ಕಿನಲ್ಲಿ ಅಡ್ಡಾಡಲು ಹಿತವಾಗುವ ಹೊತ್ತೂ ಹೌದು. ಡಿಸ್ನಿಯ ಪಾರ್ಕುಗಳಲ್ಲೊಂದಾದ ಮ್ಯಾಜಿಕ್ ಕಿಂಗ್‌ಡಮ್‌ನ ಬಾಣಬಿರುಸು ನೋಡಿ, ಜನಜಂಗುಳಿಯ ನಡುವೆ ಹೊರಬಂದು ಕೋಣೆ ಸೇರುವಷ್ಟರಲ್ಲಿ ಲೌಂಜಿನ ದೀಪ ಆರಿರುತ್ತದೆ. ಮ್ಯಾಜಿಕ್ ಕಿಂಗ್‌ಡಮ್‌ನ ಒಂದು ದಿನದ ಟಿಕೆಟ್ 2015ರಲ್ಲಿಯೇ 100 ಡಾಲರ್ ದಾಟಿತ್ತು, ಈಗ ಅದಕ್ಕಿಂತ ಬಹಳ ಮೇಲಿದೆ. ಅಷ್ಟು ಕೊಟ್ಟು ಪಾರ್ಕಿಗೆ ಹೋಗುವ ದಿನವೇ ಲೌಂಜಿಗೂ ಹಣ ಕಟ್ಟುವುದು, ಮದುವೆಮನೆಗೆ ಊಟಕ್ಕೆ ಹೊರಟ ದಿನ ಮನೆಯಲ್ಲಿ ಹಬ್ಬದಡುಗೆ ಮಾಡಿಟ್ಟಂತೆ.

ಈ ಊರಿನಲ್ಲಿ ಹಣ ಕೊಟ್ಟು ಕೊಳ್ಳಬೇಕಾದ ಅತ್ಯಂತ ದುಬಾರಿ ವಸ್ತು ಸಾಲಿನಲ್ಲಿ ಕಾಯದೆ ಉಳಿಸಿಕೊಳ್ಳುವ ಸಮಯ. ಕ್ಲಬ್ ಲೆವೆಲ್ ಅದನ್ನು ಕೊಡುವುದಿಲ್ಲ. ಒಂದು ಕಾಲದಲ್ಲಿ ಸ್ವಲ್ಪಮಟ್ಟಿಗೆ ಕೊಡುತ್ತಿತ್ತು: 2018ರಲ್ಲಿ ಆರಂಭವಾದ ಏರ್ಪಾಡಿನಂತೆ ಕ್ಲಬ್ ಅತಿಥಿಗಳು ತಲೆಗೆ ದಿನಕ್ಕೆ 50 ಡಾಲರ್ ಕೊಟ್ಟು ರೈಡುಗಳ ಉದ್ದ ಸಾಲು ತಪ್ಪಿಸುವ ಫಾಸ್ಟ್‌ಪಾಸ್‌ಗಳನ್ನು ಮೂರು ಹೆಚ್ಚುವರಿಯಾಗಿ ಪಡೆಯಬಹುದಾಗಿತ್ತು, ಅದೂ ಕನಿಷ್ಠ ಮೂರು ದಿನಗಳಿಗೆ ಕೊಳ್ಳಬೇಕೆಂಬ ಷರತ್ತಿನ ಮೇಲೆ. 2020ರಲ್ಲಿ ಕೋವಿಡ್‌ನಿಂದ ಪಾರ್ಕುಗಳು ಮುಚ್ಚಿದ ಮೇಲೆ ಫಾಸ್ಟ್‌ಪಾಸ್ ಪದ್ಧತಿಯೇ ಹೋಯಿತು. 2021ರಲ್ಲಿ ಅದರ ಬದಲಿಗೆ ಹಣ ಕೊಟ್ಟು ಕೊಳ್ಳುವ ಜೀನಿ ಪ್ಲಸ್ ಬಂದಿತು, 2024ರಲ್ಲಿ ಅದೇ ಲೈಟ್ನಿಂಗ್ ಲೇನ್ ಮಲ್ಟಿ ಪಾಸ್ ಆಯಿತು. ಇದನ್ನು ಏಳು ದಿನ ಮೊದಲೇ ಕೊಳ್ಳುವ ಸೌಲಭ್ಯ ಡಿಸ್ನಿ ಹೋಟೆಲಿನ ಯಾವ ಕೋಣೆಯವರಿಗಾದರೂ ಇದೆ. ಕೆಲವು ರಾತ್ರಿಗಳಲ್ಲಿ ಪಾರ್ಕು ಮುಚ್ಚಿದ ಮೇಲೂ ಎರಡು ಗಂಟೆ ಒಳಗುಳಿಯುವ ಅವಕಾಶ ಡೀಲಕ್ಸ್ ಹೋಟೆಲಿನವರಿಗೆಲ್ಲ ಸಿಗುತ್ತದೆ, ಅದಕ್ಕೂ ಕ್ಲಬ್ ಬೇಕಿಲ್ಲ. ಅಂದರೆ ಆ 337 ಡಾಲರಿನಲ್ಲಿ ನಾಲ್ವರಿಗೂ ಮಲ್ಟಿ ಪಾಸ್ ಕೊಂಡು, ಒಂದು ಒಳ್ಳೆಯ ರೆಸ್ಟೋರೆಂಟಿನಲ್ಲಿ ಕುಳಿತು ಊಟ ಮಾಡಿದರೂ ಬಹಳಷ್ಟು ದಿನಗಳಲ್ಲಿ ಚಿಲ್ಲರೆ ಉಳಿಯುತ್ತದೆ.

ಸಮಯವನ್ನೇ ಕೋಣೆಯ ದರದೊಳಗೆ ಕಟ್ಟಿಕೊಡುವ ಹೋಟೆಲು ಬೇಕೆಂದರೆ, ಡಿಸ್ನಿಯ ಗಡಿ ದಾಟಿ ಯೂನಿವರ್ಸಲ್ ಆರ್ಲ್ಯಾಂಡೊ ಕಡೆಗೆ ನೋಡಬೇಕು. ಅಲ್ಲಿನ ಪೋರ್ಟೊಫಿನೊ ಬೇ, ಹಾರ್ಡ್ ರಾಕ್, ರಾಯಲ್ ಪೆಸಿಫಿಕ್ ಎಂಬ ಮೂರು ಹೋಟೆಲುಗಳಲ್ಲಿ ತಂಗಿದರೆ, ಕೋಣೆಯಲ್ಲಿರುವ ಪ್ರತಿಯೊಬ್ಬರಿಗೂ ಯೂನಿವರ್ಸಲ್ ಸ್ಟುಡಿಯೋಸ್ ಮತ್ತು ಐಲ್ಯಾಂಡ್ಸ್ ಆಫ್ ಅಡ್ವೆಂಚರ್ ಪಾರ್ಕುಗಳ ಎಕ್ಸ್‌ಪ್ರೆಸ್ ಪಾಸ್ ದರದಲ್ಲಿಯೇ ಸೇರಿರುತ್ತದೆ. ಬಂದ ದಿನಕ್ಕೂ ಹೊರಡುವ ದಿನಕ್ಕೂ ಅನ್ವಯಿಸುವುದರಿಂದ ಒಂದು ರಾತ್ರಿಯ ಬಾಡಿಗೆಯಲ್ಲಿ ಎರಡು ದಿನ ಸಾಲು ತಪ್ಪುತ್ತದೆ. 2025ರ ಮೇ ತಿಂಗಳಲ್ಲಿ ತೆರೆದ ಎಪಿಕ್ ಯೂನಿವರ್ಸ್ ಎಂಬ ಅಲ್ಲಿನ ಹೊಸ ಪಾರ್ಕಿಗೆ ಇದು ನಡೆಯುವುದಿಲ್ಲ. ಗಮನಿಸಬೇಕಾದ ಸಂಗತಿಯೆಂದರೆ, ಈ ಹೋಟೆಲುಗಳಲ್ಲಿಯೂ ಕ್ಲಬ್ ಲೌಂಜ್ ಬೇರೆಯದೇ ದರದ ಸೌಲಭ್ಯ, ಎಕ್ಸ್‌ಪ್ರೆಸ್ ಪಾಸ್ ಮಾಮೂಲಿ ಕೋಣೆಗೇ ಸಿಗುತ್ತದೆ. ಹೋಟೆಲಿಗೆ ಹೆಚ್ಚು ಕೊಟ್ಟು ಸಾರ್ಥಕವಾಯಿತೆಂದು ಆರ್ಲ್ಯಾಂಡೊದಲ್ಲಿ ಯಾವುದಕ್ಕಾದರೂ ಅನುಮಾನವಿಲ್ಲದೆ ಹೇಳಬಲ್ಲೆನಾದರೆ ಅದು ಇದಕ್ಕೆ.

ಹಾಗಿದ್ದರೆ ಡಿಸ್ನಿಯ ಕ್ಲಬ್ ಕೋಣೆ ಯಾರಿಗೂ ಬೇಡವೇ ಎಂದರೆ, ಹಾಗೇನೂ ಇಲ್ಲ. ಮಧ್ಯಾಹ್ನ ಹೋಟೆಲಿಗೆ ಮರಳುವ ಅಭ್ಯಾಸವಿರುವವರ ಲೆಕ್ಕವೇ ಬೇರೆ. ಫ್ಲಾರಿಡಾದ ಬೇಸಿಗೆಯಲ್ಲಿ ಬಿಸಿಲು 33 ಡಿಗ್ರಿ ಸೆಲ್ಸಿಯಸ್ ಮುಟ್ಟಿ, ಮಧ್ಯಾಹ್ನ ಮೂರರ ಹೊತ್ತಿಗೆ ಗುಡುಗು ಮಳೆ ಸುರಿಯುವುದು ದಿನನಿತ್ಯದ ಮಾತು. ಆ ಹೊತ್ತಿನಲ್ಲಿ ಪಾರ್ಕು ಬಿಟ್ಟು ಬಂದು, ಲೌಂಜಿನಲ್ಲಿ ಏನಾದರೂ ತಿಂದು, ಒಂದು ನಿದ್ದೆ ತೆಗೆದು, ಸಂಜೆಯ ಬಿಸಿ ತಟ್ಟೆಯನ್ನೂ ಮುಗಿಸಿಕೊಂಡು ಪುನಃ ಹೋಗುವವರು ಕೊಟ್ಟ ಹಣದ ಬಹುಭಾಗವನ್ನು ವಸೂಲು ಮಾಡುತ್ತಾರೆ. ಆದರೆ ಹೀಗೆ ಹೋಗಿಬರಲು ಪಾರ್ಕು ಹತ್ತಿರವಿರಬೇಕು. ಮ್ಯಾಜಿಕ್ ಕಿಂಗ್‌ಡಮ್‌ಗೆ ಮಾನೋರೈಲ್ ಸಂಪರ್ಕವಿರುವ ಕಂಟೆಂಪರರಿ, ಪಾಲಿನೇಷಿಯನ್, ಗ್ರ್ಯಾಂಡ್ ಫ್ಲಾರಿಡಿಯನ್ ಹೋಟೆಲುಗಳಿಂದ ಇದು ಸುಲಭ, ಕಂಟೆಂಪರರಿಯಿಂದಂತೂ ನಡೆದೇ ಹೋಗಬಹುದು. ಆದರೆ ಈ ಮೂರೂ ಹೋಟೆಲುಗಳ ದರ ದೊಡ್ಡದು. ಅನಿಮಲ್ ಕಿಂಗ್‌ಡಮ್ ಲಾಡ್ಜ್‌ನಲ್ಲಿ ದರ ಕೊಂಚ ಸೌಮ್ಯವಾದರೂ, ಅದು ಡಿಸ್ನಿಯ ಅಂಚಿನಲ್ಲಿದೆ, ಬಸ್ಸನ್ನೇ ನಂಬಬೇಕು, ಮಧ್ಯಾಹ್ನದ ನಿದ್ದೆಗೆಂದು ಅಲ್ಲಿಗೆ ಓಡಾಡುವುದರಲ್ಲಿಯೇ ನಿದ್ದೆಯ ಹೊತ್ತು ಕಳೆದುಹೋಗುತ್ತದೆ.

ಹೀಗಿದ್ದರೂ ಕ್ಲಬ್ ಕೋಣೆ ಎಂದರೆ ನಾನು ಮೊದಲು ನೆನೆಯುವುದು ಈ ಲಾಡ್ಜನ್ನೇ. 2001ರಲ್ಲಿ ತೆರೆದ ಈ ಹೋಟೆಲಿನಲ್ಲಿ ಜಿರಾಫೆ, ಜೀಬ್ರಾಗಳು ಮೇಯುವ ಹುಲ್ಲುಗಾವಲು ಕೋಣೆಯ ಬಾಲ್ಕನಿಯ ಕೆಳಗೇ ಇರುವುದರಿಂದ, ಪಾರ್ಕಿಗೆ ಹೋಗದೆ ಇಡೀ ದಿನ ಇಲ್ಲಿಯೇ ಕಳೆದರೂ ಬೇಸರವಾಗುವುದಿಲ್ಲ. ಪಾರ್ಕಿನ ಟಿಕೆಟಿಲ್ಲದ ಅಂತಹ ದಿನದಲ್ಲಿ ಇಲ್ಲಿನ ಕಿಲಿಮಂಜಾರೊ ಕ್ಲಬ್ ಲೌಂಜಿನ ಮೂರೂ ಹೊತ್ತಿನ ತಿನಿಸು ಉಪಯೋಗಕ್ಕೆ ಬರುತ್ತದೆ. ಊರಿನಿಂದ ಬಂದ ಹಿರಿಯರಿಗೆ ಇದು ಹೇಳಿಮಾಡಿಸಿದ ಏರ್ಪಾಡು. ನಮ್ಮ ಮಾವನವರು ರೋಲರ್ ಕೋಸ್ಟರುಗಳ ಕಡೆಗೆ ತಲೆಯೆತ್ತಿಯೂ ನೋಡಲಿಲ್ಲ. ಬಾಲ್ಕನಿಯಲ್ಲಿ ಕುಳಿತು ಜಿರಾಫೆ ನೋಡುವುದಕ್ಕೆ, ಬೇಕೆನಿಸಿದಾಗ ಹೋಗಿ ಕಾಫಿ ತಂದುಕೊಳ್ಳುವುದಕ್ಕೆ ಅವರ ಅಭ್ಯಂತರವೇನೂ ಇರಲಿಲ್ಲ. ಗುಂಡಿ ಒತ್ತಿದರೆ ಬೀಳುವ ಆ ಕಾಫಿಯ ಬಗ್ಗೆ ಅತ್ತೆಯವರ ಅಭಿಪ್ರಾಯವನ್ನು ಇಲ್ಲಿ ದಾಖಲಿಸುವುದು ಬೇಡ. ಹಿರಿಯರಿಗೊಂದು ಕೋಣೆ, ನಮಗೊಂದು ಕೋಣೆ ಎಂದು ಯೋಜಿಸುವವರು ತಿಳಿದಿರಬೇಕಾದ ನಿಯಮ ಒಂದಿದೆ: ಲೌಂಜ್ ಪ್ರವೇಶ ಕ್ಲಬ್ ಕೋಣೆಯಲ್ಲಿ ಹೆಸರಿರುವವರಿಗೆ ಮಾತ್ರ. ಎರಡನೆಯ ಕೋಣೆ ಮಾಮೂಲಿಯದಾದರೆ ಅದರಲ್ಲಿರುವವರು ಬಾಗಿಲ ಹೊರಗೆ. ಎಲ್ಲರೂ ಒಟ್ಟಿಗೆ ಕೂರಬೇಕೆಂದರೆ ಎರಡೂ ಕೋಣೆಗೆ ಹೆಚ್ಚುವರಿ ದರ ಕಟ್ಟಬೇಕಾಗುತ್ತದೆ, ಆಗ ಮೇಲಿನ ಲೆಕ್ಕವೆಲ್ಲ ಇಮ್ಮಡಿಸುತ್ತದೆ.

ಸಸ್ಯಾಹಾರಿಗಳಿಗೆ ಒಂದೆರಡು ಮಾತು. ಬೆಳಗಿನ ತಿಂಡಿಯಲ್ಲಿ ತೊಂದರೆಯಿಲ್ಲ. ಸಂಜೆಯ ಬಿಸಿ ಪದಾರ್ಥಗಳಲ್ಲಿ ಮಾಂಸ ಮತ್ತು ಸೀಗಡಿಯ ಪಾಲು ದೊಡ್ಡದಿರುತ್ತದೆ. ಆಫ್ರಿಕದ ಮಸಾಲೆಗಳ ಪ್ರಭಾವವಿರುವ ಕಿಲಿಮಂಜಾರೊ ಕ್ಲಬ್‌ನಲ್ಲಿ ನಮ್ಮ ನಾಲಗೆಗೆ ಹೊಂದುವುದು ಉಳಿದ ಕಡೆಗಿಂತ ಹೆಚ್ಚು. ಅಲ್ಲಿನ ಹೆಸರುವಾಸಿ ಸಿಹಿಯಾದ ಜೀಬ್ರಾ ಡೋಮ್‌ನಲ್ಲಿ ಅಮರೂಲ ಎಂಬ ಲಿಕ್ಯೂರ್ ಇರುತ್ತದೆಂಬುದನ್ನು ಹಿರಿಯರಿಗೆ ತಟ್ಟೆ ಕೊಡುವ ಮೊದಲೇ ಹೇಳಿಬಿಡುವುದು ಒಳ್ಳೆಯದು. ಅಷ್ಟಕ್ಕೂ ಈ ಲಾಡ್ಜ್‌ನ ಕಿಡಾನಿ ವಿಲೇಜ್ ಭಾಗದಲ್ಲಿರುವ ಸನಾ ರೆಸ್ಟೋರೆಂಟಿನಲ್ಲಿ ನಾನ್, ಕುಲ್ಚಾಗಳನ್ನು ಬಗೆಬಗೆಯ ಚಟ್ನಿಗಳ ಜೊತೆ ಬಡಿಸುವ ಬ್ರೆಡ್ ಸರ್ವೀಸ್ ಸಿಗುತ್ತದೆ. ಅದಕ್ಕೆ ಕ್ಲಬ್ ಕೋಣೆ ಬೇಕಿಲ್ಲ, ಆ ಹೋಟೆಲಿನಲ್ಲಿ ತಂಗಿರಬೇಕೆಂದೂ ಇಲ್ಲ. ದೀರ್ಘ ಕಾಲ ಉಳಿಯುವ ಮನೆಮಂದಿ ಇದೇ ಕಿಡಾನಿಯ ಒಂದು ಬೆಡ್‌ರೂಮಿನ ವಿಲ್ಲಾವನ್ನು ಕ್ಲಬ್ ಕೋಣೆಯ ದರದೊಂದಿಗೆ ಹೋಲಿಸಿ ನೋಡಬೇಕು: ಪೂರ್ಣ ಅಡುಗೆಮನೆ, ಬಟ್ಟೆ ಒಗೆಯುವ ಯಂತ್ರ, ಮಲಗಲು ಪ್ರತ್ಯೇಕ ಕೋಣೆ. ಉಪ್ಪಿಟ್ಟಿನ ರವೆ ಮತ್ತು ಕಾಫಿಪುಡಿ ಜೊತೆಗೆ ಕಟ್ಟಿಕೊಂಡು ಹೊರಡುವ ನಮ್ಮಂತಹವರಿಗೆ ಇದರ ಮುಂದೆ ಲೌಂಜ್ ಸಪ್ಪೆ.

ಇನ್ನು ಕನ್ಸಿಯರ್ಜ್ ಸಿಬ್ಬಂದಿಯ ನೆರವು. ಪ್ರಯಾಣಕ್ಕೆ ಮೊದಲೇ ಅವರಿಗೆ ಪಟ್ಟಿ ಕಳುಹಿಸಿ ರೆಸ್ಟೋರೆಂಟುಗಳನ್ನು ಕಾಯ್ದಿರಿಸಿಕೊಳ್ಳಬಹುದೆಂಬುದು ಒಂದು ದೊಡ್ಡ ಆಕರ್ಷಣೆಯಾಗಿತ್ತು. ಈಗ 60 ದಿನ ಮೊದಲು ಎಲ್ಲರಿಗೂ ಬುಕಿಂಗ್ ತೆರೆಯುತ್ತದೆ, ಡಿಸ್ನಿ ಹೋಟೆಲಿನವರು ಆ ದಿನವೇ ತಮ್ಮ ವಾಸ್ತವ್ಯದ ಹತ್ತು ದಿನಗಳವರೆಗಿನ ಊಟಗಳನ್ನು ಒಟ್ಟಿಗೆ ಕಾಯ್ದಿರಿಸಬಹುದು. ಬೆಳಿಗ್ಗೆ ಬೇಗ ಎದ್ದು ಫೋನು ಹಿಡಿದು ಕೂರುವವರಿಗೆ ಸಿಬ್ಬಂದಿಯ ನೆರವಿನಿಂದ ವಿಶೇಷ ಲಾಭವಿಲ್ಲ. ಫೋನಿನ ಈ ಗೊಂದಲವೇ ಬೇಡವೆನ್ನುವವರಿಗೆ, ಎದುರಿಗೆ ಕುಳಿತು ಸಮಾಧಾನವಾಗಿ ದಿನದ ಯೋಜನೆ ಹಾಕಿಕೊಡುವ ಒಬ್ಬರು ಸಿಗುವುದು ನಿಜಕ್ಕೂ ಬೆಲೆಯುಳ್ಳದ್ದು. ಆ ಬೆಲೆ ಎಷ್ಟೆಂಬುದನ್ನು ಅವರವರೇ ಹೇಳಬೇಕು.

ನನ್ನನ್ನು ಕೇಳಿದರೆ, ಇಡೀ ಪ್ರವಾಸಕ್ಕೆ ಕ್ಲಬ್ ಕೋಣೆ ಹಿಡಿಯುವ ಬದಲು, ಪಾರ್ಕಿನ ದಿನಗಳನ್ನೆಲ್ಲ ಸಾಧಾರಣ ಕೋಣೆಯಲ್ಲಿ ಮುಗಿಸಿ, ಪಾರ್ಕಿಲ್ಲದ ದಿನವೊಂದನ್ನು ಕೊನೆಯಲ್ಲಿಟ್ಟುಕೊಂಡು, ಅದರ ಹಿಂದುಮುಂದಿನ ರಾತ್ರಿಗಳಿಗಷ್ಟೇ ಅನಿಮಲ್ ಕಿಂಗ್‌ಡಮ್ ಲಾಡ್ಜ್‌ನ ಕ್ಲಬ್‌ಗೆ ಹೋಗುವುದು ಲೇಸು. ಒಂದು ಡಿಸ್ನಿ ಹೋಟೆಲಿನಿಂದ ಇನ್ನೊಂದಕ್ಕೆ ಪೆಟ್ಟಿಗೆಗಳನ್ನು ಹೋಟೆಲಿನವರೇ ಸಾಗಿಸುವುದರಿಂದ ಬದಲಾವಣೆಯ ಶ್ರಮ ಹೆಚ್ಚಿಲ್ಲ. ಕ್ಲಬ್ ಕೋಣೆಗಳ ಸಂಖ್ಯೆ ಕಡಿಮೆಯಿದ್ದು ಬೇಗ ಮುಗಿಯುವುದರಿಂದ ಮೊದಲೇ ಹಿಡಿದಿಟ್ಟುಕೊಳ್ಳಬೇಕು. ಬುಕ್ ಮಾಡುವಾಗ ಹುಲ್ಲುಗಾವಲು ಕಾಣುವ ಕೋಣೆಯೇ ಅಲ್ಲವೇ ಎಂದು ಖಚಿತಪಡಿಸಿಕೊಳ್ಳಬೇಕು. ಟಿಕೆಟ್ ಸೇರದ, ಬರೀ ಕೋಣೆಯ ಬುಕಿಂಗ್ ಆದರೆ ಮೊದಲಿಗೆ ಒಂದು ರಾತ್ರಿಯ ಮುಂಗಡವಷ್ಟೇ ಕೊಡಬೇಕಾಗುತ್ತದೆ, ಮತ್ತು ಬರುವ ದಿನಕ್ಕೆ ಆರು ದಿನ ಮೊದಲೇ ಆನ್‌ಲೈನ್‌ನಲ್ಲಿ ರದ್ದು ಮಾಡಿದರೆ ಅದು ಪೂರ್ತಿ ಮರಳುತ್ತದೆ. ಆದ್ದರಿಂದ ಹಿರಿಯರ ಆರೋಗ್ಯ, ಮಕ್ಕಳ ಉತ್ಸಾಹ, ಹವಾಮಾನ ಎಲ್ಲ ನೋಡಿಕೊಂಡು ಕೊನೆಯ ವಾರದಲ್ಲಿ ಮನಸ್ಸು ಬದಲಿಸಲು ಅವಕಾಶವಿರುತ್ತದೆ.