ಬಿಸಿ ರೊಟ್ಟಿ ತಿನ್ನುವುದು ಯಾವಾಗ?

ಕಳೆದ ಶನಿವಾರ ರಾತ್ರಿ ಬೆಂಗಳೂರಿನ ವಿಜಯನಗರದಲ್ಲಿರುವ ನನ್ನ ಮೈದುನನ ಬಾಡಿಗೆ ಮನೆಯಲ್ಲಿ ಉಂಡ ಊಟ ಇನ್ನೂ ನನ್ನ ಮನಸ್ಸಿನಿಂದ ಇಳಿದಿಲ್ಲ. ಅಡುಗೆ ರುಚಿಯಾಗಿತ್ತು, ನಿಜ. ಆದರೆ ಮತ್ತೆ ಮತ್ತೆ ನೆನಪಾಗುತ್ತಿರುವುದು ಆ ಊಟದ ನಡುವೆ ಅವನ ಸಹೋದ್ಯೋಗಿಯಾದ ಉಡುಪಿಯ ಹುಡುಗಿ ಕೇಳಿದ ಒಂದು ಪ್ರಶ್ನೆ.

ಮೈದುನ ವಿಜಯಪುರದ ಕಡೆಯವನು. ಊರಿಗೆ ಹೋದಾಗಲೆಲ್ಲ ಮಾಲ್ದಂಡಿ ಜೋಳವನ್ನು ಬೀಸಿಸಿ ತರುತ್ತಾನೆ. ಬೆಂಗಳೂರಿನ ಅಂಗಡಿಯ ಪೊಟ್ಟಣದ ಹಿಟ್ಟನ್ನು ಅವನು ಮುಟ್ಟುವುದಿಲ್ಲ. ಇದು ಹಟವಲ್ಲ. ಜೋಳದ ಹಿಟ್ಟಿಗೆ ಗೋಧಿ ಹಿಟ್ಟಿನ ಅಂಟು ಇರುವುದಿಲ್ಲವಾದ್ದರಿಂದ ಕುದಿಯುವ ನೀರು ಹಾಕಿ ಕಲೆಸಿ, ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದಬೇಕು. ಹಿಟ್ಟು ಹಳತಾಗಿ ಜಿಗಿ ಹೋಗಿದ್ದರೆ ಎಷ್ಟು ನಾದಿದರೂ ಬಡಿಯುವಾಗ ಅಂಚು ಬಿರಿಯುತ್ತದೆ. ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲ್ಮೈಗೆ ಒದ್ದೆ ಬಟ್ಟೆಯಿಂದ ನೀರು ಸವರಿ, ಆ ನೀರು ಆರುವ ಹೊತ್ತಿಗೆ ಸರಿಯಾಗಿ ತಿರುವಿ ಹಾಕಬೇಕು. ಆಮೇಲೆ ಉಬ್ಬಿದ ರೊಟ್ಟಿ ನೇರವಾಗಿ ತಟ್ಟೆಗೆ ಬಂದರೇ ಅದರ ಸೊಗಸು. ಗರಿಗರಿಯಾಗಿ ಒಣಗಿಸಿದ ಕಟಕ ರೊಟ್ಟಿಯಾದರೆ ತಿಂಗಳು ಮೊದಲೇ ಮಾಡಿಡಬಹುದು. ಬಿಸಿ ರೊಟ್ಟಿ ಉಣ್ಣಿಸುವವರು ಮಾತ್ರ ಎಲ್ಲರ ಊಟ ಮುಗಿಯುವವರೆಗೆ ಒಲೆಯ ಮುಂದೆ ನಿಂತಿರಲೇಬೇಕು.

ಅವನು ಹಾಗೆಯೇ ನಿಂತಿದ್ದ. ನಾನು, ನನ್ನ ಗಂಡ, ಅವನ ಕಚೇರಿಯ ಗೆಳೆಯ ಮತ್ತು ಆ ಹುಡುಗಿ ಅಡುಗೆಮನೆಯ ಬಾಗಿಲಿಗೆ ಹತ್ತಿಕೊಂಡೇ ಕುಳಿತಿದ್ದೆವು. ಗುರೆಳ್ಳು, ಶೇಂಗಾ, ಹುಣಸೆ, ಬೆಲ್ಲಗಳ ಮಸಾಲೆ ತುಂಬಿದ ಎಣ್ಣೆಗಾಯಿ, ಮಡಿಕೆಕಾಳಿನ ಪಲ್ಯ, ಅಗಸಿ ಹಿಂಡಿ, ಕೆನೆಮೊಸರು, ಹಸಿ ಮೆಂತ್ಯ, ಉಳ್ಳಾಗಡ್ಡಿ ಎಲ್ಲವೂ ಇದ್ದವು. ಆ ಹುಡುಗಿ ಒಂದು ರೊಟ್ಟಿ ಮುಗಿಸಿದಳು. ಎರಡನೆಯದು ತಟ್ಟೆಗೆ ಬಿದ್ದಾಗ ಅದನ್ನು ಮುರಿಯದೆ ತಲೆಯೆತ್ತಿ ಕೇಳಿದಳು: “ಅಲ್ಲ, ನೀವು ಬಿಸಿ ರೊಟ್ಟಿ ತಿನ್ನುವುದು ಯಾವಾಗ?”

“ನಾ ಕಡೀಕ ತಿಂತೀನ್ರಿ,” ಎಂದ ಅವನು, ಕೈಯ ಹಿಟ್ಟನ್ನು ಬಿಡಿಸಿಕೊಳ್ಳುತ್ತ.

“ಕಡೆಗೆ ತಿಂದರೆ ನಿಮಗೆ ಬಿಸಿಯದ್ದು ಹಾಕುವವರು ಯಾರು?”

ಅವನಿಗೆ ಉತ್ತರ ಹೊಳೆಯಲಿಲ್ಲ. ಅವಳು ಕೈ ತೊಳೆದು ಒಳಗೆ ಹೋದಳು. “ಬಡಿಯಲಿಕ್ಕೆ ನನಗೆ ಬರುವುದಿಲ್ಲ. ನೀವು ಬಡಿದುಕೊಡಿ, ಬೇಯಿಸಿ ನಿಮಗೆ ನಾನು ಹಾಕ್ತೇನೆ,” ಎಂದಳು. ನೀರು ಸವರುವಾಗ ಅವಳ ಬೆರಳಿಗೆ ಆವಿ ತಗುಲಿತು. ಆದರೂ ಬಟ್ಟೆ ಬಿಡಲಿಲ್ಲ. ಮೊದಲ ರೊಟ್ಟಿ ಉಬ್ಬಲಿಲ್ಲ, ಎರಡನೆಯದು ಪೂರ್ತಿ ಉಬ್ಬಿತು. ಅದನ್ನು ತಟ್ಟೆಗೆ ಹಾಕಿ, ಎಣ್ಣೆಗಾಯಿ ಬಡಿಸಿ, ಅವನ ಕೈಗೆ ಕೊಟ್ಟಳು. ಅವನು ಕಟ್ಟೆಗೆ ಒರಗಿ ನಿಂತೇ ಮೊದಲ ತುತ್ತು ತಿಂದ. ಆಗ ಅವನ ಮುಖ ಹೇಗಿತ್ತೆಂಬುದನ್ನು ನಾನು ನೋಡಿದ್ದೇನೆ. ಅವರಿಬ್ಬರ ನಡುವೆ ಮಾತಿನಲ್ಲಿ ಬಾರದೆ ಉಳಿದದ್ದೆಲ್ಲ ಆ ಗಳಿಗೆಯಲ್ಲಿ ನಮಗೂ ತಿಳಿಯಿತು.

ಅಂದಿನಿಂದ ಆ ಪ್ರಶ್ನೆಯನ್ನು ನಾನು ಮನಸ್ಸಿನಲ್ಲೇ ಕೇಳಿಸಿಕೊಳ್ಳುತ್ತಿದ್ದೇನೆ. ನನ್ನ ತಾಯಿ ಬದುಕಿನುದ್ದಕ್ಕೂ ರೊಟ್ಟಿ ಬಡಿದಳು. ಹೊಲದಿಂದ ಬಂದವರಿಗೆ, ಶಾಲೆಯಿಂದ ಬಂದವರಿಗೆ, ಹೊತ್ತಲ್ಲದ ಹೊತ್ತಿನಲ್ಲಿ ಬಂದ ಬೀಗರಿಗೆ ಬಿಸಿಬಿಸಿಯಾಗಿಯೇ ಹಾಕಿದಳು. ಅವಳು ಕುಳಿತಾಗ ಬುಟ್ಟಿಯಲ್ಲಿ ಉಳಿದಿರುತ್ತಿದ್ದುದು ತಣ್ಣಗಾದ, ಅಂಚು ಹರಿದ ರೊಟ್ಟಿ. ಅವಳ ಕೈರುಚಿಯನ್ನು ಹೊಗಳಿದವರು ಊರಿನಲ್ಲಿ ಬಹಳ ಮಂದಿ ಇದ್ದರು. ನೀನು ಯಾವಾಗ ಉಣ್ಣುತ್ತೀ ಎಂದು ಕೇಳಿದವರು ನನಗೆ ತಿಳಿದಂತೆ ಯಾರೂ ಇರಲಿಲ್ಲ. ನನ್ನ ತಂದೆ ಕೆಟ್ಟವರಲ್ಲ. ನನ್ನ ಗಂಡನೂ ಒಳ್ಳೆಯ ಮನುಷ್ಯ. ಆದರೆ ಶನಿವಾರ ತಮ್ಮನು ಒಲೆಯ ಮುಂದೆ ಬೆವರುತ್ತಿರುವಾಗ “ಇನ್ನೊಂದು ಹಾಕೋ” ಎಂದು ತಟ್ಟೆ ಚಾಚುತ್ತಿದ್ದುದು ಅವರೇ. ಉಣ್ಣಿಸುವವರ ಹಸಿವು ಕಣ್ಣಿಗೆ ಬೀಳದಂತೆ ನಮ್ಮ ಮನೆಗಳು ಗಂಡುಮಕ್ಕಳನ್ನು ಬೆಳೆಸಿವೆ ಎಂಬ ಸಿಟ್ಟು ನನಗಿದೆ.

ಬಾಹುಕನ ವೇಷದಲ್ಲಿದ್ದ ನಳನನ್ನು ದಮಯಂತಿ ಗುರುತಿಸಿದ ಬಗೆ ನೆನಪಾಗುತ್ತದೆ. ರೂಪ ಬದಲಾಗಿತ್ತು, ಹೆಸರು ಬದಲಾಗಿತ್ತು. ದಾಸಿಯ ಕೈಯಲ್ಲಿ ಅವನು ಮಾಡಿದ ಅಡುಗೆಯನ್ನು ತರಿಸಿ ಬಾಯಿಗಿಟ್ಟಾಗ ಇವನೇ ನನ್ನ ಗಂಡ ಎಂದು ಅವಳಿಗೆ ಖಚಿತವಾಯಿತು. ಅಡುಗೆಯಲ್ಲಿ ಮನುಷ್ಯ ಅಡಗಿರುತ್ತಾನೆ ಎಂಬುದನ್ನು ನಾನು ನಂಬುತ್ತೇನೆ. ಆದರೆ ನಮ್ಮ ಹೆಣ್ಣು ನೋಡುವ ಶಾಸ್ತ್ರದಲ್ಲಿ ನಡೆಯುವುದೇನು? ಹುಡುಗಿ ಉಪ್ಪಿಟ್ಟು, ಕೇಸರಿಬಾತಿನ ತಟ್ಟೆ ಹಿಡಿದು ತಲೆ ತಗ್ಗಿಸಿ ಬರುತ್ತಾಳೆ. ಎಷ್ಟೋ ಮನೆಗಳಲ್ಲಿ ಅದನ್ನು ಮಾಡಿದವಳು ಅವಳ ತಾಯಿ. ಹುಡುಗನಿಗೆ ಅನ್ನಕ್ಕಿಡಲಿಕ್ಕಾದರೂ ಬರುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ಒಂದು ಗಂಟೆಯ ಆ ನಾಟಕದಿಂದ ತಿಳಿಯುವುದಕ್ಕಿಂತ ಹೆಚ್ಚಿನದನ್ನು ಅವರಿಬ್ಬರೂ ಆ ಸಣ್ಣ ಅಡುಗೆಮನೆಯಲ್ಲಿ ಪರಸ್ಪರ ತಿಳಿದುಕೊಂಡರು.

ಬುಧವಾರ ಅವಳು ಅವನನ್ನು ಊಟಕ್ಕೆ ಕರೆದಿದ್ದಳಂತೆ. ಅವಳ ಮನೆಯವರು ಊರಿನಿಂದ ಮಟ್ಟುಗುಳ್ಳ ಕಳಿಸಿದ್ದರು. ಕಟಪಾಡಿಯ ಹತ್ತಿರದ ಮಟ್ಟು ಗ್ರಾಮದಲ್ಲಿ ಬೆಳೆಯುವ, ತಿಳಿಹಸಿರು ಬಣ್ಣದ ಈ ದುಂಡನೆಯ ಬದನೆಯ ಬೀಜವನ್ನು ಸೋದೆ ಮಠದ ಯತಿ ವಾದಿರಾಜರು ಕೊಟ್ಟರೆಂಬ ನಂಬಿಕೆ ಅಲ್ಲಿದೆ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿತು. ಬದನೆ ಎಂದರೆ ಎಣ್ಣೆಗಾಯಿಯೊಂದೇ ಎಂದುಕೊಂಡಿದ್ದ ನಮ್ಮವನು ಗುಳ್ಳದ ಹುಳಿಯನ್ನು ಕುಚ್ಚಲಕ್ಕಿ ಅನ್ನಕ್ಕೆ ಕಲೆಸಿಕೊಂಡು ಮೂರು ಸಲ ಹಾಕಿಸಿಕೊಂಡನಂತೆ. ಇಬ್ಬರೂ ಜೊತೆಗೇ ಕುಳಿತು ಉಂಡರು ಎಂದು ಒತ್ತಿ ಹೇಳಿದ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ವೈನಿ, ಅವ್ವನ ಮುಂದ ನೀವ ಮಾತಾಡ್ರಿ,” ಎಂದ.

ಮಾತಾಡುವುದು ಸುಲಭವಿಲ್ಲ. ಜಾತಿ ಬೇರೆ, ಸೀಮೆ ಬೇರೆ, ಅವಳ ಮನೆಯ ಹಿರಿಯರು ಬೆಳ್ಳುಳ್ಳಿ ಮುಟ್ಟುವುದಿಲ್ಲ. ಸುಳಿವು ಸಿಕ್ಕ ಕೂಡಲೇ ಅತ್ತೆಯವರು ಫೋನಿನಲ್ಲಿ ಕೇಳಿದ ಮೊದಲ ಮಾತೇ “ಆ ಹುಡುಗಿಗೆ ರೊಟ್ಟಿ ಬಡಿಯಾಕ ಬರ್ತದೇನು?” ಎಂಬುದು. ಅತ್ತೆಯವರ ಮೇಲೆ ನನಗೆ ಪ್ರೀತಿಯಿದೆ. ಮಗನ ಕೈಗೆ ಹಿಟ್ಟು ಕೊಟ್ಟು ರೊಟ್ಟಿ ಕಲಿಸಿದವರು ಅವರೇ, ಆ ಕಾಲಕ್ಕೆ ಅದಕ್ಕಾಗಿ ಓಣಿಯವರಿಂದ ಮಾತು ಕೇಳಿದವರೂ ಅವರೇ. ಅಂಥವರ ಬಾಯಲ್ಲಿ ಈ ಪ್ರಶ್ನೆ ಕೇಳಿ ನನಗೆ ನೋವಾಯಿತು.

ಸಂಕ್ರಾಂತಿಗೆ ಊರಿಗೆ ಹೊರಟಿದ್ದೇವೆ. ಭೋಗಿಯ ದಿನ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಯನ್ನು ತಾನೇ ಬಡಿಯುವುದಾಗಿ ಮೈದುನ ಒಪ್ಪಿದ್ದಾನೆ, ಬೇಯಿಸುವುದು ನನ್ನ ಪಾಲು. ಅತ್ತೆಯವರನ್ನು ಎಲ್ಲರಿಗಿಂತ ಮೊದಲು ಕೂರಿಸಿ, ಹಂಚಿನಿಂದಿಳಿದ ಮೊದಲ ರೊಟ್ಟಿಯನ್ನು ಅವರ ತಟ್ಟೆಗೆ ಹಾಕಿ, ಶನಿವಾರ ನಡೆದದ್ದನ್ನು ಒಂದೂ ಬಿಡದೆ ಹೇಳುತ್ತೇನೆ.