ತಿರುಗಬೇಕಾದ್ದು ರೆಕಾರ್ಡು, ತಿರುಗ್ತಿರೋದು ಮನುಷ್ಯ

ಬಯಲಲ್ಲಿ ಕಡಿದ ಮರದ ಬೊಡ್ಡೆ. ಅದರ ಮೇಲೆ ಗ್ರಾಮಫೋನ್ ರೆಕಾರ್ಡ್. ತಿರುಗಿಸೋಕೆ ಯಂತ್ರ ಇಲ್ಲ. ಒಬ್ಬ ಬಂದು ರೆಕಾರ್ಡಿನ ಮೇಲೆ ಸೂಜಿ ಇಟ್ಟುಕೊಂಡು ತಾನೇ ಬೊಡ್ಡೆಯ ಸುತ್ತ ಓಡೋಕೆ ಶುರು ಮಾಡುತ್ತಾನೆ. ಸಂಗೀತ ಬರುತ್ತದೆ! ಈ ವಾರ ಪೂರ್ತಿ ಪಾತ್ರೆ ತೊಳೆಯುವಾಗ, ಸಿಗ್ನಲ್ಲಲ್ಲಿ ನಿಂತಾಗ, ಒಂದು ಆಫೀಸ್ ಮೀಟಿಂಗ್ ನಡುವೆ ಕೂಡ ಇದೇ ನೆನಪಾಗಿ ನಗು ಬಂತು.

1959ರ ಬ್ರಿಟಿಷ್ ಕಿರುಚಿತ್ರ ಇದು, 'ದ ರನ್ನಿಂಗ್ ಜಂಪಿಂಗ್ ಅಂಡ್ ಸ್ಟ್ಯಾಂಡಿಂಗ್ ಸ್ಟಿಲ್ ಫಿಲ್ಮ್'. ಬರೀ 11 ನಿಮಿಷ. ಹಾಸ್ಯನಟರಾದ ಪೀಟರ್ ಸೆಲ್ಲರ್ಸ್, ಸ್ಪೈಕ್ ಮಿಲಿಗನ್, ನಿರ್ದೇಶಕ ರಿಚರ್ಡ್ ಲೆಸ್ಟರ್ ಮತ್ತು ಅವರ ಗೆಳೆಯರು ಸೇರಿಕೊಂಡು ಎರಡು ಭಾನುವಾರಗಳಲ್ಲಿ ಮುಗಿಸಿದ್ದು. ಖರ್ಚು ಸುಮಾರು 70 ಪೌಂಡ್, ಅದರಲ್ಲಿ 5 ಪೌಂಡ್ ಬಯಲಿನ ಬಾಡಿಗೆ.

ನಾನಿದನ್ನು ಹಾಕಿದ್ದು ಅಕ್ಕನ ಮಗನಿಗೋಸ್ಕರ. ಅವನು ಕಿರುಚಿತ್ರ ಮಾಡ್ತಾನೆ. ಅಂದ್ರೆ, ಮಾಡ್ತೀನಿ ಅಂತಾನೆ. ಒಳ್ಳೆ ಹುಡುಗ, ಬುದ್ಧಿವಂತ, ಆದರೆ ಕಥೆ ಇನ್ನೂ ಒಂದು ಪುಟ ದಾಟಿಲ್ಲ, ಕ್ಯಾಮೆರಾ ಅಲುಗದಂತೆ ಹಿಡಿಯೋ ಗಿಂಬಲ್ ಮಾತ್ರ ಆಗಲೇ ಮನೆಗೆ ಬಂದಿದೆ. ಈಗ ಡ್ರೋನ್ ಬೇಕಂತೆ. "ಬಜೆಟ್ ಇದ್ದಿದ್ರೆ ತೋರಿಸ್ತಿದ್ದೆ" ಅನ್ನೋದು ಅವನ ಬಾಯಿಪಾಠ. ನಮ್ಮತ್ತೆಯೂ ಬಂದು ಕೂತರು. ಇಂಗ್ಲಿಷ್ ಸಿನಿಮಾ ಅಂದ್ರೆ ಎದ್ದು ಹೋಗುವವರು, ಇದರಲ್ಲಿ ಮಾತೇ ಇಲ್ಲ ಅಂತ ಗೊತ್ತಾದ ಮೇಲೆ ಕೂತೇಬಿಟ್ಟರು.

ರೆಕಾರ್ಡಿನ ದೃಶ್ಯ ಬಂತು. ಹುಡುಗ ಮುಖ ಗಂಟಿಕ್ಕಿ, "ರೆಕಾರ್ಡ್ ತಾನೇ ತಿರುಗಬೇಕಾದ್ದು? ಇವನ್ಯಾಕೆ ತಿರುಗ್ತಾನೆ?" ಅಂದ. ಅತ್ತೆ ಟಿವಿಯಿಂದ ಕಣ್ಣು ತೆಗೆಯದೆ, "ದುಡ್ಡಿಲ್ವಲ್ಲೋ, ಯಾರಾದ್ರೂ ತಿರುಗಲೇಬೇಕಲ್ಲ" ಅಂದರು.

ನಾನು ನಕ್ಕೆ. ಅವನು ನಗಲಿಲ್ಲ. ಅತ್ತೆಯೂ ನಗಲಿಲ್ಲ, ಅವರಿಗೆ ಅದು ಜೋಕ್ ಆಗಿರಲೇ ಇಲ್ಲ.

ಅವರ ಮಾತು ತಲೆಯಲ್ಲಿ ಇಟ್ಟುಕೊಂಡು ಮತ್ತೆ ನೋಡಿದರೆ ಇಡೀ ಚಿತ್ರ ಬೇರೆ ಥರ ಕಂಡಿತು. ಒಬ್ಬ ಪಿಟೀಲು ನುಡಿಸುತ್ತಾನೆ. ನೋಡಿಕೊಂಡು ನುಡಿಸಬೇಕಾದ ಹಾಳೆ ದೂರದಲ್ಲೆಲ್ಲೋ ನಿಂತಿದೆ, ಅದನ್ನು ದುರ್ಬೀನಿನಲ್ಲಿ ಓದುತ್ತಾನೆ. ಪುಟ ತಿರುವಬೇಕಾದಾಗ ಸೈಕಲ್ ಹತ್ತಿ ಹೋಗುತ್ತಾನೆ! ಇನ್ನೊಂದು ಕಡೆ, ಒಂದು ಕೈ ದೂರದಲ್ಲಿರುವವನನ್ನು ಬಾ ಬಾ ಅಂತ ಕರೆಯುತ್ತದೆ. ಅವನು ಪಾಪ ಅಷ್ಟು ದೂರದಿಂದ ಬರುತ್ತಾನೆ, ಬರುತ್ತಲೇ ಇರುತ್ತಾನೆ, ಹತ್ತಿರ ಬಂದ ಮೇಲೆ ಮುಖಕ್ಕೊಂದು ಗುದ್ದು. ಖಾಲಿ ಬಯಲಲ್ಲಿ ಪುಕ್ಕಟೆ ಸಿಗೋದು ಒಂದೇ, ದೂರ. ಇವರು ಅದನ್ನೇ ಹಿಡಿದು ಜೋಕ್ ಮಾಡಿದ್ದಾರೆ. ಅದೇ ಗುದ್ದನ್ನು ಒಂದು ಕೋಣೆಯೊಳಗೆ ತೆಗೆದಿದ್ದರೆ ನಗೋಕೆ ಏನೂ ಇರುತ್ತಿರಲಿಲ್ಲ. ಅವನು ನಡೆದು ಬರುವ ಅಷ್ಟು ಹೊತ್ತು ಕ್ಯಾಮೆರಾ ಸುಮ್ನೆ ಕಾಯುತ್ತದಲ್ಲ, ನಗು ಇರೋದು ಅಲ್ಲಿ. ಒಬ್ಬ ಹೆಂಗಸು ಬ್ರಷ್ ಹಿಡಿದು ಹುಲ್ಲನ್ನೇ ಉಜ್ಜಿ ತೊಳೆಯುತ್ತಿರುವುದೂ ಇದೆ. ಅದಕ್ಕೆ ಅತ್ತೆ ನಕ್ಕರು, ಜೋರಾಗಿ.

ಆದರೆ ಆ 70 ಪೌಂಡ್ ಲೆಕ್ಕದಲ್ಲಿ ಒಂದು ಚೂರು ಮೋಸ ಇದೆ, ಅದನ್ನೂ ಹೇಳಬೇಕು. ಕ್ಯಾಮೆರಾ ಸೆಲ್ಲರ್ಸ್‌ದೇ. ಅವರೂ ಮಿಲಿಗನ್ನೂ 1951ರಿಂದ ಬಿಬಿಸಿ ರೇಡಿಯೋದಲ್ಲಿ 'ಗೂನ್ ಶೋ' ಅನ್ನೋ ಹಾಸ್ಯ ಕಾರ್ಯಕ್ರಮ ಮಾಡಿ ದೇಶಕ್ಕೆಲ್ಲ ಗೊತ್ತಾಗಿದ್ದವರು. ಅಷ್ಟು ವರ್ಷ ಒಟ್ಟಿಗೆ ತಮಾಷೆ ಮಾಡಿದವರಿಗೆ ಮೈದಾನಕ್ಕೆ ಹೋದರೆ ಸಾಕು, ಏನೋ ಒಂದು ಹುಟ್ಟುತ್ತದೆ. ಆ ವರ್ಷಗಳಿಗೆ ಯಾರೂ ಬಿಲ್ ಹಾಕಿಲ್ಲ. ಹಾಗಾಗಿ 'ನೋಡು, ದುಡ್ಡಿಲ್ಲದೇನೂ ಆಗುತ್ತೆ' ಅಂತ ಹುಡುಗನಿಗೆ ಪಾಠ ಹೇಳೋಕೆ ನನಗೂ ಬಾಯಿ ಬರಲಿಲ್ಲ. ಅವನ ಗೆಳೆಯರೆಲ್ಲ ಕೆಲಸಕ್ಕೆ ಹೋಗುವವರು, ಭಾನುವಾರ ಮಧ್ಯಾಹ್ನದವರೆಗೆ ಏಳೋದೇ ಇಲ್ಲ.

ಸೆಲ್ಲರ್ಸ್ ಬಗ್ಗೆ ನನಗೆ ಇನ್ನೊಂದು ತಕರಾರಿದೆ. 1968ರ 'ದ ಪಾರ್ಟಿ'ಯಲ್ಲಿ ಮುಖಕ್ಕೆ ಕಂದು ಬಣ್ಣ ಬಳಿದುಕೊಂಡು ಭಾರತೀಯನಾದರಲ್ಲ, ಅದಕ್ಕೆ ನಕ್ಕರೂ ಒಳಗೆ ಏನೋ ಕಿರಿಕಿರಿ. ಈ ಬಯಲಲ್ಲಿ ಆ ರಗಳೆ ಇಲ್ಲ, ಅಲ್ಲಿರುವ ಎಲ್ಲರೂ ಸಮಾನ ಪೆದ್ದರು. ಅಂದ ಹಾಗೆ ಮಿಲಿಗನ್ ಹುಟ್ಟಿದ್ದು ನಮ್ಮ ಪಕ್ಕದ ಮಹಾರಾಷ್ಟ್ರದ ಅಹಮದ್‌ನಗರದಲ್ಲಿ, 1918ರಲ್ಲಿ. ಅತ್ತೆಗೆ ಹೇಳಿದೆ. "ಅದಕ್ಕೇ ಸ್ವಲ್ಪ ನಮ್ಮವರ ಥರ ಆಡ್ತಾನೆ" ಅಂದರು. ಯಾರನ್ನು ನೋಡಿ ಹಾಗಂದರೋ, ಮಿಲಿಗನ್ ಯಾರು ಅಂತ ನಾನಿನ್ನೂ ತೋರಿಸಿರಲಿಲ್ಲ.

ಹಾಗೆ ಆಡಿದ್ದು ಆಸ್ಕರ್ ನಾಮನಿರ್ದೇಶನದವರೆಗೆ ಹೋಯಿತು, ಪ್ರಶಸ್ತಿ ಬರಲಿಲ್ಲ. ಬೀಟಲ್ಸ್ ಅನ್ನೋ ನಾಲ್ವರ ಬ್ರಿಟಿಷ್ ಸಂಗೀತ ತಂಡದವರಿಗೆ, ಅದರಲ್ಲೂ ಜಾನ್ ಲೆನನ್‌ಗೆ, ಇದು ಬಹಳ ಇಷ್ಟವಾಗಿತ್ತು. 1964ರಲ್ಲಿ ಅವರ ಸಿನಿಮಾ 'ಎ ಹಾರ್ಡ್ ಡೇಸ್ ನೈಟ್' ನಿರ್ದೇಶಿಸಿದ್ದು ಇದೇ ಲೆಸ್ಟರ್. ಅದರಲ್ಲಿ ನಾಲ್ವರೂ ಮೈದಾನದಲ್ಲಿ ಹುಚ್ಚುಚ್ಚಾಗಿ ಓಡುವ ದೃಶ್ಯ ಇದೆಯಲ್ಲ, ಅದನ್ನು ಈ ಚಿತ್ರದ ಪಕ್ಕ ಇಟ್ಟು ನೋಡಿ.

ನಿನ್ನೆ ಹುಡುಗ ಫೋನ್ ಮಾಡಿದ್ದ. ಊರಲ್ಲಿ ನಮ್ಮ ಹೊಲ ಖಾಲಿ ಇದೆಯಾ ಅಂತ ಕೇಳಿದ. ಕೊಯ್ಲು ಆಗಲಿ ತಡಿ ಅಂದೆ. ಬಾಡಿಗೆ ಎಷ್ಟು ಅಂತ ಅತ್ತೆ ಹಿಂದಿನಿಂದ ಕೂಗಿದರು. ಅವನು ಡ್ರೋನ್ ಆಸೆ ಇನ್ನೂ ಬಿಟ್ಟಿಲ್ಲ.