ತಿನ್ನರ್ ಖರ್ಚು ಹೋಯ್ತು, ಸೋಪಿನ ಖರ್ಚು ಬಂತು

ಸಾಗರ ರಸ್ತೆಯ ನಮ್ಮ ಫ್ಯಾಬ್ರಿಕೇಶನ್ ಶೆಡ್ಡಿನಲ್ಲಿ ಈಗ ಟ್ರಸ್, ಪರ್ಲಿನ್‌ಗಳಿಗೆಲ್ಲ (ಮಾಡು ಹೊರುವ ಕಬ್ಬಿಣದ ಚೌಕಟ್ಟು, ಅಡ್ಡಪಟ್ಟಿ) ನೀರಿನ ಪ್ರೈಮರ್, ಅಂದರೆ ತಿನ್ನರ್ ಬದಲು ನೀರು ಬೆರೆಸುವ ಮೊದಲ ಕೋಟಿನ ಪೇಂಟ್. ಪರಿಸರ ಕಾಳಜಿ ಅಂತೆಲ್ಲ ಹೇಳಿಕೊಳ್ಳೋದಿಲ್ಲ. ಬೆಂಕಿಯ ಭಯ ಅಷ್ಟೇ. ಮೊದಲು ಒಂದು ಮೂಲೆಯಲ್ಲಿ ವೆಲ್ಡಿಂಗ್ ಕಿಡಿ, ಇನ್ನೊಂದು ಮೂಲೆಯಲ್ಲಿ ತಿನ್ನರ್ ಆಗಿ ಟರ್ಪೆಂಟೈನ್ ಬೆರೆಸಿದ ರೆಡ್ ಆಕ್ಸೈಡ್, ಅಂದರೆ ಹಳೇ ಕೆಂಪು ಆಯಿಲ್ ಪ್ರೈಮರ್. 40 ಡಿಗ್ರಿ ಆಸುಪಾಸಿಗೇ ಟರ್ಪೆಂಟೈನ್ ಆವಿ ಕಿಡಿ ಹಿಡಿಯುತ್ತೆ. ಏಪ್ರಿಲ್ ತಿಂಗಳಲ್ಲಿ ತಗಡಿನ ಮಾಡಿನ ಕೆಳಗೆ ಅದೇನು ದೊಡ್ಡ ಶಾಖವೇ?

ಡಬ್ಬ ಬದಲಾಯಿಸಿದರೆ ಸಾಕು ಅನ್ನೋದು ಅಂಗಡಿಯವರ ಮಾತು. ಹೊಸ ಪೈಪಿನ ಮೇಲೆ ಕಣ್ಣಿಗೆ ಕಾಣದ ಎಣ್ಣೆ ಪಸೆ ಇರುತ್ತಲ್ಲ, ಆಯಿಲ್ ಪೇಂಟ್ ಅದನ್ನು ಅಷ್ಟಿಷ್ಟು ಕರಗಿಸಿಕೊಂಡು ಕೂರುತ್ತಿತ್ತು. ನೀರಿನ ಪೇಂಟ್ ಅಲ್ಲಿ ಕೆಸುವಿನೆಲೆ ಮೇಲಿನ ನೀರಿನಂತೆ ಸರಿದುಬಿಡುತ್ತೆ. ನಡುವೆ ಕಾಸಗಲ ಬರೀ ಕಬ್ಬಿಣ, ಸುತ್ತ ದಪ್ಪ ಅಂಚು. ಹಾಗಾಗಿ ಮೊದಲು ಸೋಪಿನ ನೀರಲ್ಲಿ ಉಜ್ಜಿ ತೊಳೆಯಬೇಕು. ಮೇಲೆ ನೀರು ಸುರಿದಾಗ ಒಂದೇ ಪದರವಾಗಿ ಹರಡಿದರೆ ಸರಿ, ಹನಿಗಟ್ಟಿದರೆ ಮತ್ತೆ ಉಜ್ಜು. ತೊಳೆದದ್ದನ್ನು ಕೂಡಲೇ ಗಾಳಿ ಹೊಡೆದು ಒಣಗಿಸದಿದ್ದರೆ ಗ್ರೈಂಡ್ ಮಾಡಿದ ಬೆಳ್ಳಗಿನ ಜಾಗದಲ್ಲಿ ನೋಡ್ತಾ ಇದ್ದಂತೆ ಕಂದು ಚುಕ್ಕಿ ಏಳುತ್ತೆ. ತುಕ್ಕು ತಡೆಯುವ ರಾಸಾಯನಿಕ ಇಲ್ಲದ ಅಗ್ಗದ ಪ್ರೈಮರ್ ಆದರೆ ಹಸಿ ಪೇಂಟಿನೊಳಗಿಂದಲೇ ಏಳುತ್ತೆ.

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರು, "ನೀರಿನ ಪೇಂಟು ನಮ್ಮ ಮಳೆಗೆ ಕರಗಿ ಹೋಗಲ್ವೇನ್ರೀ?" ಅಂದರು. ಸರಿಯಾದ ಪ್ರಶ್ನೆಯೇ. ನೀರು ಆರುತ್ತಾ ಬಂದಂತೆ ಅಕ್ರಿಲಿಕ್ ಕಣಗಳು ಒತ್ತಿಕೊಂಡು ಒಂದಕ್ಕೊಂದು ಬೆಸೆದುಬಿಡುತ್ತವೆ, ಆಮೇಲೆ ನೀರಿಗೆ ಬಿಡಿಸಿಕೊಳ್ಳೋದಿಲ್ಲ. (ಸ್ಪ್ರೇ ಗನ್ ತೊಳೆಯದೆ ಊಟಕ್ಕೆ ಹೋಗುವ ಹುಡುಗರಿಗೂ ಇದೇ ಪಾಠ.) ಆರುವ ಮೊದಲು ಮಳೆ ಬಿದ್ದರೆ ಮಾತ್ರ ಅವರು ಹೇಳಿದಂತೆ ತೊಳೆದೇ ಹೋಗುತ್ತೆ.

ಮಲೆನಾಡಲ್ಲಿ ಆರೋದೇ ಕಷ್ಟ. ಗಾಳಿಯ ತೇವ ಶೇ 85 ದಾಟಬಾರದು, ಕಬ್ಬಿಣ ಇಬ್ಬನಿ ಕಟ್ಟುವ ಉಷ್ಣತೆಗಿಂತ 3 ಡಿಗ್ರಿಯಾದರೂ ಬಿಸಿ ಇರಬೇಕು. ಜುಲೈನ ಒಂದು ಬೆಳಗ್ಗೆ ಲೆಕ್ಕ ಹಾಕಿ: ಗಾಳಿ 24 ಡಿಗ್ರಿ, ತೇವ ಶೇ 90. ಆಗ ಇಬ್ಬನಿ ಕಟ್ಟುವ ಉಷ್ಣತೆಯೇ 22 ಡಿಗ್ರಿಗಿಂತ ತುಸು ಮೇಲೆ, ಅಂದರೆ ಪೇಂಟ್ ಹೊಡೆಯಲು ಕಬ್ಬಿಣ 25 ದಾಟಬೇಕು. ಬಿಸಿಲಿಲ್ಲದೆ ಅದು ಗಾಳಿಗಿಂತ ಬಿಸಿಯಾಗೋದು ಎಲ್ಲಿಂದ? ಆಯಿಲ್ ಪೇಂಟಿಗೂ ಒದ್ದೆ ಕಬ್ಬಿಣ ಆಗಿಬರೋದಿಲ್ಲ, ಆದರೆ ಅದು ಹೇಗೋ ಅಂಟಿಕೊಂಡು ಬಿಲ್ ಪಾಸ್ ಆಗುವ ತನಕ ಮರ್ಯಾದೆ ಉಳಿಸುತ್ತಿತ್ತು.

ಹಾಗಾಗಿ ಮಳೆಗಾಲಕ್ಕೆ ಬೇಕಾದ ಟ್ರಸ್‌ಗಳನ್ನು ಮೇ ಒಳಗೇ ಪ್ರೈಮರ್ ಹೊಡೆದು ಒಳಗೆ ಜೋಡಿಸಿಡ್ತೇವೆ. ಸೈಟಿನಲ್ಲಿ ವೆಲ್ಡ್ ಮಾಡಿದ ಜಾಯಿಂಟುಗಳಿಗೆ ತಾತ್ಕಾಲಿಕವಾಗಿ ಹಳೇ ರೆಡ್ ಆಕ್ಸೈಡೇ. ಮಳೆ ಬಿಟ್ಟ ಮೇಲೆ ಕೆರೆದು ಸರಿಯಾಗಿ ಹೊಡೆಯೋದು. ಕೊಟೇಶನ್‌ನಲ್ಲೇ ಈಗ ಬರೆದಿಡ್ತೇನೆ: ಜೂನ್‌ನಿಂದ ಸೆಪ್ಟೆಂಬರ್, ಹೊರಗಿನ ಪೇಂಟಿಂಗ್ ಇಲ್ಲ. ಅದನ್ನು ಓದಿ ಬೇರೆಯವರ ಹತ್ತಿರ ಹೋದವರೂ ಇದ್ದಾರೆ. ಹೋಗಲಿ ಬಿಡಿ.